ಮನೆಯ ಹುಳುಗಳೂ ಮನೆಯಲ್ಲಿ ಮಾಡಿದ ಯಂತ್ರಗಳೂ

ವರ್ಷಂಪ್ರತಿ ನಮ್ಮ ಶಾಲೆಗಳಲ್ಲಿ ಜರಗುವ ವಿಜ್ಞಾನ ಪ್ರದರ್ಶನಗಳನ್ನು ನೋಡಿದವರಿಗೆ ಒಂದು ಸಂಗತಿಯು ಗೋಚರವಾಗದೆ ಇರದು. ಹಿಂದೆ ಮಣ್ಣಿನ ಜ್ವಾಲಾಮುಖಿಯನ್ನೂ ರಟ್ಟಿನ ಸೂರ್ಯಮಂಡಲವನ್ನೂ ಇರಿಸುತ್ತಿದ್ದ ಮೇಜಿನ ಮೇಲೆ ಈಗ ಸೊಳ್ಳೆಯನ್ನು ಸೆಳೆಯುವ ದೀಪ, ಜಿರಳೆಯನ್ನು ಓಡಿಸುವ ನಾದಪೆಟ್ಟಿಗೆ, ಇರುವೆಯನ್ನು ತಡೆಯುವ ವಿದ್ಯುತ್ ಬೇಲಿ ಮುಂತಾದುವು ಕಾಣಸಿಗುತ್ತವೆ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ವಾಸಿಸುವ ನಮಗೆ ಹುಳುಹುಪ್ಪಟೆಗಳ ಕಾಟವು ಹೊಸತಲ್ಲ. ತೋಟದ ನಡುವೆ ಮನೆ, ಮನೆಯ ಹಿಂದೆ ಕಾಡು, ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ. ಇಂಥ ನಾಡಿನಲ್ಲಿ ಹುಳವಿಲ್ಲದ ಮನೆಯನ್ನು ಹುಡುಕುವುದು ಸಾಸಿವೆಯನ್ನು ಬೇಡಿ ಬಂದ ತಾಯಿಯು ಸಾವಿಲ್ಲದ ಮನೆಯನ್ನು ಹುಡುಕಿದಂತೆಯೇ ಸರಿ. ಆದುದರಿಂದ ಬಾಲಿಕೆಯರು ತಮ್ಮ ಮನೆಯ ಕಷ್ಟವನ್ನು ಕಂಡು, ಅದಕ್ಕೆ ತಮ್ಮ ಕೈಯಿಂದಲೇ ಪರಿಹಾರವನ್ನು ಹುಡುಕಲು ಹೊರಟಿರುವುದು ಮೆಚ್ಚತಕ್ಕ ವಿಷಯವಾಗಿದೆ. ಆದರೆ ಮೆಚ್ಚುವುದು ಬೇರೆ, ನಂಬುವುದು ಬೇರೆ. ಈ ಭೇದವನ್ನು ಕುರಿತು ನನ್ನ ಅಭಿಪ್ರಾಯವನ್ನು ಇಲ್ಲಿ ತಿಳಿಸಲಿಚ್ಛಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ಸುಳ್ಯದ ಕಡೆಯಲ್ಲಿರುವ ಬಂಧುಗಳ ಮನೆಗೆ ನಾನು ಹೋಗಿದ್ದೆನು. ಆ ಮನೆಯ ಹುಡುಗಿ ಒಂಬತ್ತನೆಯ ತರಗತಿಯವಳು. ಹಳೆಯ ಕಂಪ್ಯೂಟರಿನಿಂದ ಕಳಚಿದ ಸಣ್ಣ ಪಂಖ, ನೇರಿಳೆ ಬಣ್ಣದ ನಾಲ್ಕು ಎಲ್.ಇ.ಡಿ. ದೀಪಗಳು, ಕತ್ತರಿಸಿದ ಪ್ಲಾಸ್ಟಿಕ್ ಡಬ್ಬ, ನೈಲಾನ್ ಬಲೆಯ ಚೀಲ, ಇಷ್ಟರಿಂದ ಅವಳು ಒಂದು ಯಂತ್ರವನ್ನು ರಚಿಸಿದ್ದಳು. ಬೆಳಕಿಗೆ ಬಂದ ಹುಳವನ್ನು ಪಂಖದ ಗಾಳಿಯು ಒಳಕ್ಕೆ ಎಳೆದು ಚೀಲಕ್ಕೆ ತಳ್ಳಬೇಕೆಂಬುದು ಅದರ ತತ್ವ. ರಾತ್ರಿಯಿಡೀ ಜಗಲಿಯ ಮೂಲೆಯಲ್ಲಿ ಅದು ಗುಂಯ್‌ಗುಡುತ್ತಿತ್ತು. ಬೆಳಗಾದೊಡನೆ ಅವಳು ತುಂಬಿದ ಚೀಲವನ್ನು ಹಿಡಿದು, “ಅತ್ತೇ, ನೋಡಿ, ಎಷ್ಟು ಬಿದ್ದಿವೆ!” ಎಂದು ಓಡಿ ಬಂದಳು. ಅವಳ ಸಂತೋಷವನ್ನು ಕಂಡು ನನಗೂ ಸಂತೋಷವಾಯಿತು. ಆದರೂ, “ಬಿಳಿಯ ಬಟ್ಟೆಯೊಂದನ್ನು ತಾ ಮಗಳೇ, ಬಿಡಿಸಿ ನೋಡೋಣ” ಎಂದೆನು.

ಭೂತಕನ್ನಡಿ ಹಿಡಿದು ಇಬ್ಬರೂ ಕುಳಿತೆವು. ಸಣ್ಣ ಪತಂಗಗಳು, ರೆಕ್ಕೆಯ ಇರುವೆಗಳು, ತೋಡಿನಲ್ಲಿ ಹುಟ್ಟುವ ನಿರುಪದ್ರವಿ ಹುಳುಗಳು, ಗದ್ದೆಯ ಕಡೆಯಿಂದ ಬಂದ ಹಸುರು ಜಿಗಿಹುಳುಗಳು, ಎರಡು ಮೂರು ಬಗೆಯ ಜೀರುಂಡೆಗಳು, ಹೀಗೆ ರಾಶಿ ಬೆಳೆಯಿತು. ಸೊಳ್ಳೆಗಳು ಬೆರಳೆಣಿಕೆಯಷ್ಟೇ ಇದ್ದವು. ಕರಿಯ ಮೈಯಲ್ಲಿ ಬಿಳಿಯ ಪಟ್ಟೆಗಳುಳ್ಳ ಸೊಳ್ಳೆ, ಯಾವುದಕ್ಕೆ ನಾವು ಹೆದರಬೇಕೋ ಅದು, ಒಂದೂ ಇರಲಿಲ್ಲ. ಬಳಿಕ ನಾವು ಮನೆಯ ಹಿಂದಿನ ಅಡಿಕೆ ತೋಟಕ್ಕೆ ಹೋದೆವು. ಕೊಟ್ಟಿಗೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಮಗುಚಿ ಬಿದ್ದ ಅಡಿಕೆ ಹಾಳೆಯೊಂದರಲ್ಲಿ ಮಳೆನೀರು ನಿಂತಿತ್ತು. ಆ ನೀರಿನಲ್ಲಿ ನೂರಾರು ಮರಿಗಳು ಕೊಂಕುತ್ತ ಏಳುತ್ತ ಮುಳುಗುತ್ತ ಇದ್ದವು. ಹುಡುಗಿ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆ ಮೇಲೆ ಮೆಲ್ಲನೆ, “ಅತ್ತೇ, ನನ್ನ ಯಂತ್ರ ತಪ್ಪು ಹುಳವನ್ನು ಹಿಡಿಯುತ್ತಾ ಉಂಟು” ಎಂದಳು. ವಿಜ್ಞಾನದ ಪಾಠವೊಂದನ್ನು ಇದಕ್ಕಿಂತ ಚಿಕ್ಕ ಮಾತಿನಲ್ಲಿ ಹೇಳುವುದು ಕಷ್ಟ.

ಅವಳು ಕಂಡದ್ದನ್ನೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದವರಿದ್ದಾರೆ. ಅಮೇರಿಕದ ಡೆಲಾವೇರ್ ಸಂಸ್ಥಾನದಲ್ಲಿ ಮನೆಗಳ ಅಂಗಳದಲ್ಲಿ ತೂಗಹಾಕಿದ ವಿದ್ಯುದ್ದೀಪದ ಕೀಟನಾಶಕ ಯಂತ್ರಗಳಲ್ಲಿ ಸತ್ತು ಬಿದ್ದ ಹುಳುಗಳನ್ನು ಅಲ್ಲಿಯ ವಿದ್ವಾಂಸರು ಎಣಿಸಿ, 1996ರಲ್ಲಿ ಲೆಕ್ಕವನ್ನು ಪ್ರಕಟಿಸಿದರು. ಒಟ್ಟು 13,789 ಹುಳುಗಳಲ್ಲಿ ಮನುಷ್ಯನನ್ನು ಕಚ್ಚತಕ್ಕವು 31 ಮಾತ್ರ. ಉಳಿದವುಗಳಲ್ಲಿ ಸುಮಾರು ಅರ್ಧ ಭಾಗ ನೀರಿನಲ್ಲಿ ಹುಟ್ಟಿ ಮೀನಿಗೂ ಹಕ್ಕಿಗೂ ಆಹಾರವಾಗುವ ನಿರುಪದ್ರವಿಗಳು. ಬೆಳೆಯನ್ನು ತಿನ್ನುವ ಹುಳಗಳನ್ನೇ ತಿಂದು ನಮಗೆ ಉಪಕಾರ ಮಾಡತಕ್ಕವೂ ಹಲವಿದ್ದವು. ಇದಕ್ಕೆ ಕಾರಣವೇನಂದರೆ, ಹೆಣ್ಣು ಸೊಳ್ಳೆಯು ನಮ್ಮನ್ನು ಹುಡುಕಿಕೊಂಡು ಬರುವುದು ದೀಪವನ್ನು ನೋಡಿ ಅಲ್ಲ. ನಾವು ಹೊರಬಿಡುವ ಉಸಿರು, ನಮ್ಮ ಮೈಯ ಕಾವು, ಬೆವರಿನ ವಾಸನೆ, ಇವೇ ಅದಕ್ಕೆ ದಾರಿ ತೋರಿಸುತ್ತವೆ. ಇದಲ್ಲದೆ ಡೆಂಗ್ಯೂ, ಚಿಕುನ್‌ಗುನ್ಯಗಳನ್ನು ಹರಡುವ ಪಟ್ಟೆ ಸೊಳ್ಳೆಯು ಹಗಲಿನಲ್ಲಿ ಕಚ್ಚುವಂಥಾದ್ದು. ರಾತ್ರಿ ಉರಿಯುವ ದೀಪವು ಹಗಲಿನ ಕಳ್ಳನನ್ನು ಹಿಡಿಯುವುದು ಹೇಗೆ?

ನಾದಪೆಟ್ಟಿಗೆಯ ವಿಚಾರವೂ ಹೀಗೆಯೇ ಇದೆ. ಮನುಷ್ಯನ ಕಿವಿಗೆ ಕೇಳಿಸದ ಧ್ವನಿಯನ್ನು ಹೊರಡಿಸಿ ಸೊಳ್ಳೆ, ಜಿರಳೆಗಳನ್ನು ಓಡಿಸುವುದಾಗಿ ಹೇಳುವ ಉಪಕರಣಗಳು ಪೇಟೆಯಲ್ಲಿ ಸಿಗುತ್ತವೆ. ಅವುಗಳನ್ನು ನೋಡಿ ಮನೆಯಲ್ಲಿ ತಯಾರಿಸುವವರೂ ಇದ್ದಾರೆ. ಸೊಳ್ಳೆಗಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯು 2007ರಲ್ಲಿ, ಇಂಥ ನಾದದಿಂದ ಸೊಳ್ಳೆಯ ಕಡಿತ ಕಡಿಮೆಯಾಗುವುದಿಲ್ಲವೆಂದು ತೀರ್ಮಾನಿಸಿತು. ನಂಬಿ ಕೊಂಡವರಿಗೆ ಹಣ ಹೋದದ್ದು ಸಣ್ಣ ನಷ್ಟ. ರಕ್ಷಣೆಯಿದೆಯೆಂದು ಎಣಿಸಿ ಸೊಳ್ಳೆಪರದೆಯನ್ನು ಮಡಚಿ ಅಟ್ಟಕ್ಕೆ ಹಾಕಿದ್ದು ದೊಡ್ಡ ನಷ್ಟ.

ಇನ್ನು ಎಲ್ಲಕ್ಕಿಂತಲೂ ಬೆರಗುಗೊಳಿಸತಕ್ಕದ್ದು ಲೇಸರ್ ಯಂತ್ರ. 2022ರಲ್ಲಿ ಸ್ಕಾಟ್ಲೆಂಡಿನ ಹೆರಿಯಟ್-ವಾಟ್ ವಿಶ್ವವಿದ್ಯಾಲಯದ ಇಲ್ದಾರ್ ರಖ್ಮತುಲಿನ್ ಎಂಬ ಸಂಶೋಧಕರೂ ಅವರ ಸಂಗಡಿಗರೂ ಅಂಗೈಯಗಲದ ಅಗ್ಗದ ಕಂಪ್ಯೂಟರಿಗೆ ಕ್ಯಾಮರಾಗಳನ್ನು ಜೋಡಿಸಿ, ಜಿರಳೆಯನ್ನು ತಾನೇ ಗುರುತಿಸಿ ಲೇಸರ್ ಕಿರಣದಿಂದ ಹೊಡೆಯುವ ಉಪಕರಣವೊಂದನ್ನು ಪ್ರಕಟಪಡಿಸಿದರು. ಅದರ ಬಿಡಿಭಾಗಗಳನ್ನು ಯಾರು ಬೇಕಾದರೂ ಕೊಂಡುಕೊಳ್ಳಬಹುದು. ಆದರೆ ಅದನ್ನು ನಿರ್ಮಿಸಿದವರೇ, ಆ ಕಿರಣವು ಕಣ್ಣನ್ನು ಕುರುಡಾಗಿಸಬಲ್ಲುದಾದ ಕಾರಣ ಮನೆಯೊಳಗೆ ಬಳಸಲು ತಕ್ಕುದಲ್ಲವೆಂದು ಎಚ್ಚರಿಸಿದ್ದಾರೆ. ಕೂಸು ತೆವಳುವ ಚಾವಡಿಯಲ್ಲಿ ಇಂಥ ಆಯುಧವನ್ನು ಕಾವಲಿಗೆ ನಿಲ್ಲಿಸುವುದು ಯಾವ ತಾಯಿಗೆ ಸಮ್ಮತವಾದೀತು?

ಅಪಾಯದ ಮಾತು ಬಂದುದರಿಂದ ಎರಡು ಸಂಗತಿಗಳನ್ನು ಸ್ಪಷ್ಟವಾಗಿ ಹೇಳಲೇಬೇಕು. ಅಂಗಡಿಯಲ್ಲಿ ದೊರೆಯುವ ಸೊಳ್ಳೆ ಬ್ಯಾಟು ಸಾವಿರ ವೋಲ್ಟಿಗೂ ಮಿಕ್ಕಿದ ಒತ್ತಡವನ್ನು ಉಂಟುಮಾಡುವುದಾದರೂ, ಅದರೊಳಗಿರುವ ಸಣ್ಣ ಕೆಪಾಸಿಟರಿನಲ್ಲಿ ಶೇಖರವಾಗುವ ಶಕ್ತಿ ಅತ್ಯಲ್ಪವಾದುದರಿಂದ ಕೈ ತಾಗಿದರೆ ಚುರುಕು ಮುಟ್ಟುತ್ತದೆಯೇ ಹೊರತು ಸಾಮಾನ್ಯವಾಗಿ ಪ್ರಾಣಕ್ಕೆ ಕೇಡಿಲ್ಲ. ಆದರೆ ಮನೆಯ ಗೋಡೆಯ 230 ವೋಲ್ಟಿನ ವಿದ್ಯುತ್ತನ್ನು ನೇರವಾಗಿ ತಂತಿಯ ಜಾಲರಿಗೆ ಕೊಟ್ಟರೆ, ಒತ್ತಡ ಕಡಿಮೆಯಾದರೂ ಹರಿಯುವ ಶಕ್ತಿಗೆ ಮಿತಿಯಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಅದನ್ನು ಮುಟ್ಟಿದವರು ಬದುಕುವುದು ಸಂದೇಹ. ಎರಡನೆಯದಾಗಿ, ತೀರಿದ ಸೊಳ್ಳೆ ದ್ರವದ ಕುಪ್ಪಿಗೆ ಕರ್ಪೂರ ಕದಡಿದ ಸೀಮೆಎಣ್ಣೆಯನ್ನೋ ಟರ್ಪೆಂಟೈನನ್ನೋ ತುಂಬಿಸಿ ಗೋಡೆಗೆ ಚುಚ್ಚುವ ಪದ್ಧತಿ ಹಲವು ಮನೆಗಳಲ್ಲಿ ಕಂಡುಬರುತ್ತದೆ. ಕಾದ ಕಡ್ಡಿಯ ಪಕ್ಕದಲ್ಲಿ ಬೆಂಕಿ ಹಿಡಿಯುವ ಎಣ್ಣೆಯನ್ನಿಟ್ಟು ಮಕ್ಕಳನ್ನು ಮಲಗಿಸುವುದು ಎಂಥ ಜಾಣತನ? ಹುಳವನ್ನು ಕೊಲ್ಲಹೋಗಿ ಮನೆಯನ್ನು ಸುಟ್ಟರೆಂಬ ಮಾತು ನಮ್ಮಲ್ಲಿ ಯಾರ ಮೇಲೂ ಬಾರದಿರಲಿ.

ಇಷ್ಟನ್ನು ಓದಿ, ಈಕೆ ಯಂತ್ರಗಳ ವೈರಿ ಎಂದು ಯಾರೂ ತಿಳಿಯಬಾರದು. ಸ್ವಂತ ಕೈಯಿಂದ ಪ್ರಯೋಗ ಮಾಡಿ ನೋಡುವ ಬುದ್ಧಿ ಈ ನಾಡಿನ ಮಣ್ಣಿನಲ್ಲಿಯೇ ಇದೆ. ಪುತ್ತೂರಿನಲ್ಲಿ ನೆಲೆಸಿ ಬಾಲವನವನ್ನು ಕಟ್ಟಿದ ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ‘ಬಾಲ ಪ್ರಪಂಚ’ದ ಮೂಲಕ ಕನ್ನಡದ ಮಕ್ಕಳ ಕೈಗೆ ಲೋಕದ ತಿಳಿವಳಿಕೆಯನ್ನಿತ್ತರು. ಕೃಷಿಕರ ಕೈಗೆ ಲೇಖನಿಯನ್ನು ಕೊಟ್ಟು ಅವರ ಅನುಭವವನ್ನೇ ಅಚ್ಚಿಸುವ ‘ಅಡಿಕೆ ಪತ್ರಿಕೆ’ 1988ರಲ್ಲಿ ಹುಟ್ಟಿದ್ದು ಪುತ್ತೂರಿನಲ್ಲಿ. ಅಡಿಕೆ ಸುಲಿಯುವ, ಮರವೇರುವ ಯಂತ್ರಗಳನ್ನು ನಮ್ಮ ಕೃಷಿಕರು ತಾವೇ ರಚಿಸಿ ತಿದ್ದಿ ಉಪಯೋಗಕ್ಕೆ ತಂದಿದ್ದಾರೆ. ಆದರೆ ಆ ಯಂತ್ರಗಳು ಏಕೆ ಫಲಿಸಿದವೆಂಬುದನ್ನು ಗಮನಿಸಿರಿ. ಅವುಗಳನ್ನು ಮಾಡಿದವರಿಗೆ ಅಡಿಕೆಯ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಹುಳದ ಸ್ವಭಾವವನ್ನರಿಯದೆ ಹುಳದ ಯಂತ್ರವನ್ನು ಮಾಡಹೊರಡುವುದು ಅಡಿಕೆಯನ್ನು ನೋಡದೆ ಸುಲಿಯುವ ಯಂತ್ರವನ್ನು ಮಾಡಿದಂತೆ.

ಎಲ್ಲ ಹುಳುಗಳೂ ಒಂದೇ ಬಗೆಯವಲ್ಲವೆಂಬುದಕ್ಕೆ ನಮ್ಮ ರಬ್ಬರ್ ತೋಟಗಳೇ ಸಾಕ್ಷಿ. ಮುಂಗಾರಿಗೆ ಮುಂಚೆ ಬೇಸಗೆಯ ಮಳೆ ಬಿದ್ದೊಡನೆ ತೋಟದ ತರಗೆಲೆಗಳ ಅಡಿಯಿಂದ ಎದ್ದು, ದೀಪದ ಬೆಳಕನ್ನು ಹಿಡಿದು ಮನೆಯೊಳಕ್ಕೆ ನುಗ್ಗುವ ಸಣ್ಣ ಕರಿಯ ಜೀರುಂಡೆಯೊಂದಿದೆ. ಕೇರಳದ ಮುಪ್ಲಿಯಂ ಎಂಬ ಊರಿನ ಹೆಸರಿನಿಂದ ಅದನ್ನು ಮುಪ್ಲಿ ಹುಳವೆನ್ನುತ್ತಾರೆ. ಕೇರಳದಲ್ಲಿ ನಡೆದ ಅಧ್ಯಯನದಲ್ಲಿ ಒಂದೊಂದು ಮನೆಯ ಮಾಡಿನಲ್ಲಿಯೇ 5 ಲಕ್ಷದಿಂದ 40 ಲಕ್ಷಕ್ಕೂ ಮೇಲ್ಪಟ್ಟು ಹುಳಗಳು ಗುಂಪುಗೂಡಿದ್ದು ಕಂಡುಬಂದಿದೆ. ಇದು ಕಚ್ಚುವುದಿಲ್ಲ, ರೋಗವನ್ನು ಹರಡುವುದಿಲ್ಲ. ಒತ್ತಿದರೆ ಮಾತ್ರ ಚರ್ಮವನ್ನು ಉರಿಸುವ ದುರ್ಗಂಧದ ರಸವನ್ನು ಬಿಡುತ್ತದೆ. ಬೆಳಕಿಗೆ ಬರುವುದೇ ಇದರ ಸ್ವಭಾವವಾದುದರಿಂದ, ಹೊರಗೆ ದೂರದಲ್ಲಿ ದೀಪವನ್ನು ತೂಗಿ ಕೆಳಗೆ ಸಾಬೂನು ನೀರಿನ ಬಾನೆಯನ್ನಿಟ್ಟು ಮನೆಯ ದೀಪಗಳನ್ನು ಆರಿಸಿದರೆ ಒಂದಷ್ಟು ಹುಳಗಳಾದರೂ ಅಲ್ಲಿ ಬೀಳುತ್ತವೆ. ಆ ಹುಡುಗಿಯ ಯಂತ್ರವು ಇಲ್ಲಿ ಸಾರ್ಥಕವಾದೀತು. ಅದೇ ದೀಪ, ಅದೇ ಪಂಖ, ಹುಳ ಮಾತ್ರ ಬೇರೆ! ಯಂತ್ರದ ಗುಣವು ಯಂತ್ರದಲ್ಲಿಲ್ಲ. ಅದು ಯಾವ ಹುಳದ ಎದುರು ನಿಂತಿದೆಯೆಂಬುದರಲ್ಲಿದೆ.

ಹಾಗಾದರೆ ಸೊಳ್ಳೆಯ ಎದುರು ನಿಲ್ಲತಕ್ಕದ್ದು ಯಾವುದು? ಇದಕ್ಕೆ ಉತ್ತರವು ನಮ್ಮ ಕನ್ನಡ ನಾಡಿನಲ್ಲಿಯೇ ಬಹು ಹಿಂದೆ ದೊರಕಿತ್ತು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯನು ಸೈನ್ಯದ ಕೆಲಸಕ್ಕಾಗಿ ಬೆಂಗಳೂರಿಗೆ ಬಂದನು. ಅವನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಿಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವುಗಳ ಮರಿಗಳಿರುವುದನ್ನು ಕಂಡು ಅವನು ಅದನ್ನು ಬೋರಲು ಹಾಕಿದನು. ಕಾಟ ತಗ್ಗಿತು. ಸೈನ್ಯಾಧಿಕಾರಿಗಳ ಭೋಜನಶಾಲೆಯಲ್ಲಿಯೂ ಹೂದಾನಿ, ತೊಟ್ಟಿ, ಡಬ್ಬಗಳ ನೀರನ್ನು ಹೀಗೆಯೇ ಚೆಲ್ಲಬಹುದೆಂದು ಅವನು ಸೂಚಿಸಿದಾಗ, ಅಲ್ಲಿಯ ಅಧಿಕಾರಿಯು, ಸೊಳ್ಳೆಗಳು ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಯಾದವು, ಸೃಷ್ಟಿಕ್ರಮವನ್ನು ಕೆಡಿಸಲಾಗದು ಎಂದು ಹೇಳಿ ನಿರಾಕರಿಸಿದನಂತೆ. ಮಲೇರಿಯಾ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ಕಂಡುಹಿಡಿದು, 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವನು ಇದೇ ರಾಸ್. ಅವನ ಮೊದಲನೆಯ ಯಂತ್ರವು ತೊಟ್ಟಿಯನ್ನು ಮಗುಚಿದ ಎರಡು ಕೈಗಳು.

ನಮ್ಮ ತಾಲೂಕುಗಳಿಗೆ ಈ ಪಾಠವು ಕಷ್ಟದ ದಾರಿಯಿಂದ ಬಂತು. 2008ರಲ್ಲಿ ಚಿಕುನ್‌ಗುನ್ಯ ಜ್ವರವು ಸುಳ್ಯ, ಪುತ್ತೂರು ಪ್ರದೇಶಗಳಲ್ಲಿ ಹಬ್ಬಿದಾಗ ಹಾಸಿಗೆ ಹಿಡಿದವರನ್ನು ಇಂದಿಗೂ ನಮ್ಮ ಹಿರಿಯರು ನೆನೆಯುತ್ತಾರೆ. ಕಡಬವು ಆಗ ಪುತ್ತೂರು ತಾಲೂಕಿಗೇ ಸೇರಿತ್ತು. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಗಂಟುನೋವು ಬಿಡದೆ, ಲೋಟವನ್ನು ಹಿಡಿಯಲಾರದ ಕೈಗಳಿಂದ ಮನೆಗೆಲಸವನ್ನು ಮಾಡಿದ ತಾಯಂದಿರೆಷ್ಟೋ ಮಂದಿ. 2019ರಲ್ಲಿ ಡೆಂಗ್ಯೂ ಈ ಜಿಲ್ಲೆಯನ್ನು ಕಾಡಿತು. ಈ ರೋಗಗಳನ್ನು ಹರಡುವ ಪಟ್ಟೆ ಸೊಳ್ಳೆಗೆ ಕೆರೆ ಬೇಡ, ಹೊಳೆ ಬೇಡ. ಬೊಗಸೆ ನೀರು ಸಾಕು. ರಬ್ಬರ್ ಮರಕ್ಕೆ ಕಟ್ಟಿದ ಹಾಲಿನ ಬಟ್ಟಲು, ತೋಟದಲ್ಲಿ ಬಿದ್ದ ಹಾಳೆ, ಒಡೆದ ಗೆರಟೆ, ಹಂದಿಯೋ ಅಳಿಲೋ ಕೊರೆದು ಬಿಟ್ಟ ಕೊಕ್ಕೋ ಕೋಡು, ಟಾರ್ಪಾಲಿನ ಗುಂಡಿ, ಹಳೆಯ ಟಯರು, ತಾರಸಿಯ ಟಾಂಕಿ, ಎಲ್ಲವೂ ಅದರ ತೊಟ್ಟಿಲು. ಮೊಟ್ಟೆಯಿಂದ ರೆಕ್ಕೆ ಮೂಡುವ ತನಕ ನಮ್ಮ ಹವೆಯಲ್ಲಿ ಅದಕ್ಕೆ ಬೇಕಾದದ್ದು ಸುಮಾರು ಎಂಟು ಹತ್ತು ದಿನ. ಆದುದರಿಂದ ವಾರಕ್ಕೊಮ್ಮೆ ನೀರನ್ನು ಚೆಲ್ಲಿದರೆ ಒಂದು ಸಂತತಿಯೇ ಅಳಿಯಿತು. ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುವುದರಿಂದ ಪಾತ್ರೆಯನ್ನು ಉಜ್ಜಿ ತೊಳೆಯುವುದೂ ಅವಶ್ಯ.

ಇಲ್ಲಿ ನ್ಯಾಯದ ಪ್ರಶ್ನೆಯೊಂದು ಏಳುತ್ತದೆ. ಭಾರತಕ್ಕೂ ಸಿಲೋನಿಗೂ 1964ರಲ್ಲಿ ಆದ ಒಪ್ಪಂದದ ಬಳಿಕ ಅಲ್ಲಿಂದ ಬಂದ ಕುಟುಂಬಗಳು ಇಲ್ಲಿಯ ರಬ್ಬರ್ ತೋಪುಗಳಲ್ಲಿ ನೆಲೆಸಿ ದುಡಿದಿವೆ. ಬೆಳಗಿನ ಜಾವದಲ್ಲಿ ಮರ ಕೆತ್ತಲು ಹೋಗುವವರನ್ನು ಹಗಲಿನ ಸೊಳ್ಳೆಯು ತೋಟದಲ್ಲಿಯೇ ಕಚ್ಚುತ್ತದೆ. ಯಜಮಾನರ ಜಗಲಿಯಲ್ಲಿ ನೇರಿಳೆ ದೀಪ ಎಷ್ಟು ಉರಿದರೇನು? ಯಂತ್ರವು ಕೊಂಡವನ ಕೋಣೆಯನ್ನು ಮಾತ್ರ ಕಾಯುತ್ತದೆ, ಮಗುಚಿಟ್ಟ ಬಟ್ಟಲು ನೆರೆಯವನನ್ನೂ ಕಾಯುತ್ತದೆ. ಈ ಸೊಳ್ಳೆ ಹುಟ್ಟಿದಲ್ಲಿಂದ ಬಹು ದೂರ ಹಾರುವುದಿಲ್ಲ. ಸಾಮಾನ್ಯವಾಗಿ ಕೆಲವು ನೂರು ಮೀಟರಿನೊಳಗೇ ಅದರ ಸಂಚಾರ. ಆದುದರಿಂದ ಒಂದು ವಠಾರದವರೆಲ್ಲ ಕೂಡಿ ದುಡಿದರೆ ಫಲವು ಕಣ್ಣಿಗೆ ಕಾಣುತ್ತದೆ.

“ನೂರಾರು ಮರಗಳ ಬಟ್ಟಲುಗಳನ್ನು ವಾರವಾರ ಚೆಲ್ಲುವುದು ಆಗುಹೋಗುವ ಮಾತೇ? ಅದಕ್ಕೇ ಅಲ್ಲವೆ ಯಂತ್ರ ಬೇಕೆನ್ನುವುದು?” ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾದುದೇ. ಆದರೆ ಕೆತ್ತನೆ ನಿಲ್ಲಿಸುವ ದಿವಸವೇ ಬಟ್ಟಲನ್ನು ಬೋರಲು ಮಾಡಿ ಕಟ್ಟುವುದಕ್ಕೆ ಬೇರೆ ಶ್ರಮವಿಲ್ಲ. ಹಾಳೆಯನ್ನು ಹೇಗೂ ಹೆಕ್ಕುತ್ತೇವೆ, ಮಳೆಗೆ ಮುಂಚೆ ಹೆಕ್ಕಿದರಾಯಿತು. ಟಾಂಕಿಗೆ ಒಮ್ಮೆ ಬಲೆ ಕಟ್ಟಿದರೆ ವರ್ಷವಿಡೀ ಕಾವಲು. ಇನ್ನು ಕೆಲವರು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿಟ್ಟುಕೊಂಡಿರುವ ಮಾತು ಬೇರೆ: ಯಂತ್ರ ಮಾಡುವುದು ಗಂಡುಮಕ್ಕಳ ಬುದ್ಧಿವಂತಿಕೆ, ನೀರು ಚೆಲ್ಲುವುದು ಹೆಣ್ಣುಮಕ್ಕಳ ಕಸಮುಸುರೆ ಎಂಬುದು. ಪ್ರದರ್ಶನದಲ್ಲಿ ಬಹುಮಾನ ದೀಪಕ್ಕೆ, ಪೊರಕೆಗೆ ಬಹುಮಾನವಿಲ್ಲ. ಈ ತಾರತಮ್ಯವನ್ನು ನಮ್ಮ ಬಾಲಿಕೆಯರು ಎರಡೂ ಕಡೆಯಿಂದ ಮುರಿಯಬೇಕೆಂದು ನನ್ನ ಆಶೆ. ಯಂತ್ರವನ್ನೂ ಅವರು ಮಾಡಲಿ. ನೀರು ಚೆಲ್ಲುವ ಕೆಲಸಕ್ಕೆ ಅಣ್ಣತಮ್ಮಂದಿರನ್ನೂ ಕರೆಯಲಿ.

ಹಾಗಾದರೆ ಎಂಥ ಯಂತ್ರವನ್ನು ಮಾಡೋಣ? ಒಂದನ್ನು ಸೂಚಿಸುತ್ತೇನೆ. ಕಪ್ಪು ಬಣ್ಣದ ಡಬ್ಬದಲ್ಲಿ ಅರ್ಧ ನೀರು ತುಂಬಿಸಿ, ಒರಟಾದ ಬಟ್ಟೆಯ ಪಟ್ಟಿಯೊಂದನ್ನು ಒಳಗೋಡೆಗೆ ತಾಗಿಸಿ, ನೀರಿನಲ್ಲಿ ಅರೆ ಮುಳುಗುವಂತೆ ನೆರಳಿನಲ್ಲಿಡಿರಿ. ಪಟ್ಟೆ ಸೊಳ್ಳೆಯು ನೀರಂಚಿನ ಆ ಪಟ್ಟಿಯಲ್ಲಿ ಮೊಟ್ಟೆಯಿಡುತ್ತದೆ. ಐದಾರು ದಿನಕ್ಕೊಮ್ಮೆ, ತಪ್ಪದೆ, ಪಟ್ಟಿಯನ್ನು ತೆಗೆದು ಭೂತಕನ್ನಡಿಯಿಂದ ಮೊಟ್ಟೆಗಳನ್ನು ಎಣಿಸಿ, ಕುದಿನೀರಿಗೆ ಹಾಕಿರಿ. ಡಬ್ಬದ ನೀರನ್ನು ಒಣನೆಲಕ್ಕೆ ಚೆಲ್ಲಿ ಡಬ್ಬವನ್ನು ಉಜ್ಜಿರಿ. ತಪ್ಪಿದರೆ ನಾವೇ ಸೊಳ್ಳೆ ಸಾಕಿದಂತಾದೀತು! ಲೋಕದ ಆರೋಗ್ಯ ಇಲಾಖೆಗಳು ಸೊಳ್ಳೆಯ ಬಲವನ್ನು ಅಳೆಯುವುದು ಇಂಥ ಡಬ್ಬಗಳಿಂದಲೇ. ಸಿಂಗಪುರದಲ್ಲಿ ಇದೇ ತತ್ವದ ಬೋನುಗಳನ್ನು ವಸತಿಗೃಹಗಳಲ್ಲಿ ಹತ್ತಾರು ಸಾವಿರ ಸಂಖ್ಯೆಯಲ್ಲಿ ಇಟ್ಟಿದ್ದಾರೆ. ಹಾಳೆ ಹೆಕ್ಕುವುದಕ್ಕೆ ಮುಂಚೆ ಎಷ್ಟು ಮೊಟ್ಟೆ, ಹೆಕ್ಕಿದ ಮೂರು ವಾರಗಳ ಬಳಿಕ ಎಷ್ಟು ಎಂದು ಬರೆದಿಟ್ಟರೆ ಆ ಪುಸ್ತಕವೇ ಒಂದು ವಿಜ್ಞಾನ ಗ್ರಂಥವಾಗುತ್ತದೆ. ಕಂಪ್ಯೂಟರಿನ ವಿದ್ಯೆ ಬಲ್ಲ ಹುಡುಗಿಯರು ಪಟ್ಟಿಯ ಚಿತ್ರವನ್ನು ತೆಗೆದು ಮೊಟ್ಟೆಗಳನ್ನು ತಾನೇ ಎಣಿಸುವ ಉಪಾಯವನ್ನು ಹೂಡಲಿ. ಅಲ್ಲಿ ಹೊಸ ವಿದ್ಯೆಗೆ ತಕ್ಕ ಕೆಲಸವಿದೆ, ಕಣ್ಣಿಗೆ ಅಪಾಯವಿಲ್ಲ, ಒಂದು ಪತಂಗವೂ ವೃಥಾ ಸಾಯುವುದಿಲ್ಲ.

ಒಂದೇ ಆಯುಧವನ್ನು ನಂಬಿ ಕುಳಿತವರ ಗತಿಯನ್ನು ನಮ್ಮ ದೇಶವೇ ಕಂಡಿದೆ. ಡಿ.ಡಿ.ಟಿ.ಯ ಬಲದಿಂದ 1960ರ ದಶಕದ ನಡುವಿನಲ್ಲಿ ಭಾರತದ ಮಲೇರಿಯಾ ಪ್ರಕರಣಗಳು ವರ್ಷಕ್ಕೆ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದವು. ಗೆದ್ದೆವೆಂದು ಎಚ್ಚರ ತಪ್ಪಿದೆವು. ಸೊಳ್ಳೆಯೂ ಆ ಔಷಧವನ್ನು ತಾಳಿಕೊಳ್ಳಲು ಕಲಿತಿತು. 1976ರಲ್ಲಿ ಪ್ರಕರಣಗಳು 64 ಲಕ್ಷವನ್ನು ದಾಟಿದವು. ಔಷಧಕ್ಕಾಗಲಿ ಯಂತ್ರಕ್ಕಾಗಲಿ ನಮ್ಮ ಬದಲಿಗೆ ಎಚ್ಚರವಾಗಿರುವ ಶಕ್ತಿಯಿಲ್ಲ.

ಆದುದರಿಂದ, ಸಹೋದರಿಯರೇ, ಮನೆಯಲ್ಲಿ ಹುಳದ ಯಂತ್ರವನ್ನು ಕಟ್ಟಲು ಕುಳಿತಾಗ ಮೂರು ಪ್ರಶ್ನೆಗಳನ್ನು ನಿಮಗೆ ನೀವೇ ಹಾಕಿಕೊಳ್ಳಿರಿ. ಇದು ಯಾವ ಹುಳಕ್ಕೆ? ಫಲಿಸಿತೆಂದು ನಾನು ಎಣಿಸಿ ನೋಡಿದೆನೆ? ಇದರಿಂದ ಮನೆಯ ಕೂಸಿಗೂ ತೋಟದ ಜೀವಕ್ಕೂ ಕೇಡಿಲ್ಲವೆ? ಮೂರಕ್ಕೂ ಉತ್ತರವಿದ್ದರೆ ಧೈರ್ಯದಿಂದ ಕಟ್ಟಿರಿ, ಬಹುಮಾನವನ್ನೂ ಗೆಲ್ಲಿರಿ. ನಾನು ಹೇಳಿದ ಆ ಹುಡುಗಿಯು ತನ್ನ ಯಂತ್ರವನ್ನು ಎಸೆಯಲಿಲ್ಲ. ಮುಪ್ಲಿ ಹುಳ ಬರುವ ಕಾಲಕ್ಕೆಂದು ಅದನ್ನು ಒರೆಸಿ ಅಟ್ಟದಲ್ಲಿಟ್ಟಳು. ಅನಂತರ ತಮ್ಮನ ಕೈಗೊಂದು ಬುಟ್ಟಿಯನ್ನು ಕೊಟ್ಟು, ತಾನೊಂದನ್ನು ಹಿಡಿದು, ಹಾಳೆ ಹೆಕ್ಕಲು ತೋಟಕ್ಕಿಳಿದಳು.